ಗಾಲಿ ಹಿಂದಿನ ಕಲ್ಲು

ಅಪ್ಪನ ಹಳೇ ಮಾರುತಿ 800ರ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಯಾವಾಗ್ಲೂ ಒಂದು ಕಲ್ಲು ಇರ್ತಿತ್ತು. ಹ್ಯಾಂಡ್ ಬ್ರೇಕ್ ಹನ್ನೆರಡು ಕ್ಲಿಕ್ ಎಳೆದರೂ ಗಾಡಿ ಹಿಡೀತಿರಲಿಲ್ಲ. ಅಪ್ಪ ಅದಕ್ಕೆ ತಲೆ ಕೆಡಿಸಿಕೊಂಡವನೇ ಅಲ್ಲ. ಗೇರ್‌ನಲ್ಲಿ ನಿಲ್ಲಿಸೋದು, ಗಾಲಿಗೆ ಕಲ್ಲು ಇಡೋದು, ನಡಿಯೋದು.

ಬೆಂಗಳೂರಿಂದ ದೀಪಾವಳಿಗೆ ಹೋದ ನನಗೆ ಇದು ನಾಚಿಕೆ ಅನಿಸ್ತು. ಬಿ.ಇ. ಓದಿದವನು ನಾನು. ಒಂದು ವಿಡಿಯೋ ನೋಡಿ, ಪಾನಾ ಹಿಡಿದು ಕೇಬಲ್ಲಿನ ನಟ್ ಬಿಗಿ ಮಾಡಿದೆ. ಐದೇ ಕ್ಲಿಕ್‌ಗೆ ಲಿವರ್ ಗಟ್ಟಿಯಾಯ್ತು. ಆ ಕಲ್ಲನ್ನ ಎತ್ತಿ ಅಂಗಳಕ್ಕೆ ಎಸೆದೆ.

ಮರುದಿನ ಎಲ್ಲರನ್ನೂ ಮಸ್ಕಿಗೆ ಕರಕೊಂಡು ಹೋದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಸಿಕ್ಕ ಶಾಸನ ಅಲ್ಲಿದೆ. ಅಲ್ಲೀತನಕ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತಷ್ಟೇ ಇತ್ತು. ಆ ರಾಜ ಅಶೋಕನೇ ಅಂತ ಹೆಸರು ಹೇಳಿದ್ದು ಈ ಬಂಡೆ. ಇದನ್ನೆಲ್ಲ ದಾರಿಯುದ್ದಕ್ಕೂ ಹೇಳ್ತಾ ಹೋಗಿ, ಗುಡ್ಡದ ಹತ್ತಿರ ಏರಿನಲ್ಲಿ ಗಾಡಿ ನಿಲ್ಲಿಸಿದೆ. ನ್ಯೂಟ್ರಲ್‌ನಲ್ಲಿ, ನನ್ನ ಹ್ಯಾಂಡ್ ಬ್ರೇಕಿನ ಭರವಸೆ ಮೇಲೆ.

ಅವ್ವ ಇನ್ನೂ ಇಳೀತಿದ್ದಳು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಒಳಗೆ. ಗಾಡಿ ಹಿಂದಕ್ಕೆ ಸರಿಯಿತು. ನಾನು ಬ್ರೇಕ್ ತುಳಿಯೋಕೆ ಒಳಗೆ ನುಗ್ಗೋದ್ರೊಳಗೆ ಅಪ್ಪ ಎಲ್ಲಿಂದಲೋ ಒಂದು ಕಲ್ಲು ಎತ್ತಿ ಗಾಲಿ ಹಿಂದೆ ತಳ್ಳಿದ್ದ. ಅವ್ವನಿಗೆ ಏನೂ ಆಗಲಿಲ್ಲ. ಅಪ್ಪನೂ ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಬೆಂಗಳೂರಿಗೆ ಬಂದ ಮೇಲೆ ಈ ಲಿವರ್‌ನ ಚರಿತ್ರೆ ಓದಿದೆ. ನಮ್ಮ ಮನೆಯ ಎತ್ತಿನ ಬಂಡಿಗೆ ಬ್ರೇಕ್ ಅನ್ನೋದೇ ಇರಲಿಲ್ಲ. ಕೊಳ್ಳು ಹರಿದರೆ ನೊಗ ನೆಲಕ್ಕೆ, ಇಳಿಜಾರಾದರೆ ಗಾಲಿಗೆ ಕಲ್ಲು. ಮೊದಲ ಕಾರುಗಳಲ್ಲಿ ಕೈ ಬ್ರೇಕ್ ಬರೀ ನಿಲ್ಲಿಸಿಡೋಕೆ ಇದ್ದದ್ದಲ್ಲ. 1908ರ ಫೋರ್ಡ್ ಮಾಡೆಲ್ ಟಿ ನೋಡಿ: ಕಾಲಿನ ಬ್ರೇಕ್ ಹಿಡೀತಿದ್ದದ್ದು ಗೇರ್ ಪೆಟ್ಟಿಗೆಯನ್ನ, ಹಿಂದಿನ ಗಾಲಿಗಳ ಡ್ರಮ್ ಹಿಡೀತಿದ್ದದ್ದು ಕೈಯ ಲಿವರ್. ಸರಳು, ತಂತಿ, ಮನುಷ್ಯನ ಬಲ ಇಷ್ಟೇ.

ಆಮೇಲೆ ಎಣ್ಣೆ ಬಂತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ಹೈಡ್ರಾಲಿಕ್ ಬ್ರೇಕ್ 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ಬಂತು. ಪೆಡಲ್ ಒತ್ತಿದರೆ ಪೈಪಿನ ಎಣ್ಣೆ ಎಲ್ಲ ಗಾಲಿಗೂ ಒಂದೇ ಸಮ ಒತ್ತಡ ಮುಟ್ಟಿಸುತ್ತೆ. ತಂತಿ ಮೂಲೆಗೆ ಸರಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಯಾಕಂದ್ರೆ ಎಣ್ಣೆ ಸೋರಬಹುದು. ರಾತ್ರಿಯೆಲ್ಲ ಒತ್ತಡ ಹಿಡಿದಿಡುತ್ತೆ ಅಂತ ನಂಬೋಕಾಗಲ್ಲ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಾರಿಗೆ ಕಾಲಿನ ಬ್ರೇಕ್, ನಿಲುಗಡೆ ಬ್ರೇಕ್ ಎರಡೂ ಬೇರೆಬೇರೆ ಇರಬೇಕು ಅನ್ನುತ್ತವೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಗಿರಾಕಿ ಕೈ ಸೇರಿದಾಗಲೂ ಎರಡು ಸೀಟಿನ ನಡುವೆ ಅದೇ ತಂತಿಯ ಲಿವರ್ ಇತ್ತು.

ಮತ್ತೆ ಊರಿಗೆ ಹೋದಾಗ ಗಾಡಿಯನ್ನ ಸಿಂಧನೂರಿನ ಮೇಸ್ತ್ರಿ ಹತ್ತಿರ ಒಯ್ದೆ. ನಾನು ನಟ್ ಬಿಗಿ ಮಾಡಿದ್ದು ಹೇಳಿದೆ. ಅವರು ನಕ್ಕರು. "ಎಲ್ಲಾರೂ ಅದನ್ನ ಮಾಡ್ತಾರ್ರಿ ಸರ. ತಂತಿ ಎಳಿಯೂದಷ್ಟ ಅದರ ಕೆಲಸ. ಹಿಡಿಯೂದು ಶೂ. ಡ್ರಮ್ ಬಿಚ್ಚಿ ನೋಡೂಣ್ರಿ."

ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ಬಿಚ್ಚಿದರು. ಎಡಗಡೆ ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು 'ಗಟ್ಟಿ' ಅಂದುಕೊಂಡಿದ್ದು ಆ ತುಕ್ಕನ್ನ! ನಮ್ಮದು ಕಾಲುವೆ ನೀರಿನ, ಭತ್ತದ ಸಪಾಟು ನೆಲ. ಹ್ಯಾಂಡ್ ಬ್ರೇಕ್ ಎಳೆಯೋ ಪ್ರಸಂಗವೇ ಕಡಿಮೆ. ಎಳೆಯದ ತಂತಿ ಜಾಮ್ ಆಗಿತ್ತು.

ಬಲಗಡೆ ಇನ್ನೂ ಕೆಟ್ಟದ್ದಿತ್ತು. ವೀಲ್ ಸಿಲಿಂಡರ್ ಸೋರಿ ಶೂ ಎಲ್ಲ ಬ್ರೇಕ್ ಆಯಿಲ್‌ನಲ್ಲಿ ನೆಂದಿತ್ತು. ಈ ಗಾಡಿಯ ಹಿಂದಿನ ಗಾಲಿಗಳಲ್ಲಿ ಕಾಲಿನ ಬ್ರೇಕಿಗೂ ಕೈಯ ಬ್ರೇಕಿಗೂ ಶೂ ಒಂದೇ. ದಾರಿ ಎರಡು, ಹಿಡಿಯುವ ಕೈ ಒಂದೇ. ಅಂದ್ರೆ ಸಡಿಲ ಹ್ಯಾಂಡ್ ಬ್ರೇಕ್ ನಮಗೆ ಹೇಳ್ತಿದ್ದದ್ದು ಕಾಲಿನ ಬ್ರೇಕ್ ಸೋರ್ತಿದೆ ಅಂತ. ನಾನು ನಟ್ ತಿರುಗಿಸಿ ಆ ಮಾತನ್ನ ಮುಚ್ಚಿಹಾಕಿದ್ದೆ. ಆಫೀಸಿನಲ್ಲಿ ಎರರ್ ಬರೋ ಸಾಲನ್ನೇ ಅಳಿಸಿ 'ಫಿಕ್ಸ್ಡ್' ಅಂತ ಬರೆಯೋ ಹುಡುಗರಿಗೆ ಬೈಯೋನು ನಾನು.

ಮೇಸ್ತ್ರಿ ಸಿಲಿಂಡರ್, ಎರಡೂ ಕಡೆಯ ಶೂ, ಕೇಬಲ್ ಬದಲಿಸಿದರು. ಡ್ರಮ್ಮಿನ ಧೂಳನ್ನ ನಾನು ಬಾಯಿಂದ ಊದೋಕೆ ಹೋದೆ. ತಡೆದು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೇ ಶೂಗಳಲ್ಲಿ ಕಲ್ನಾರು ಇರಬಹುದು, ಪುಪ್ಪುಸಕ್ಕೆ ಕೆಟ್ಟದ್ದು. ಆಯಿಲ್ ಹಾಕಿ ಗಾಳಿ ತೆಗೆದರು. ಮೊದಲು ಶೂ-ಡ್ರಮ್ ನಡುವಿನ ಸಂದು ಸರಿಮಾಡಿ, ಕಟ್ಟಕಡೆಗೆ ಕೇಬಲ್ ನಟ್ ಮುಟ್ಟಿದರು. ನಾನು ಶುರು ಮಾಡಿದ್ದೇ ಅಲ್ಲಿಂದ.

ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಖಾಲಿ ಇದ್ದಾಗ ಒಮ್ಮೆ ನೋಡಿ. ಹಿಂದೆ ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕಾಲಿನ ಬ್ರೇಕನ್ನ ನಿಧಾನ ಸಡಿಲಿಸಿ. ಗಾಡಿ ಜರುಗಿದರೆ ಬರೀ ಕೇಬಲ್ ಬಿಗಿ ಮಾಡಿಸಿ ಬರಬೇಡಿ, ಡ್ರಮ್ ಬಿಚ್ಚಿಸಿ.

ಮೊನ್ನೆ ಲಿಂಗಸುಗೂರಿಗೆ ಮದುವೆಗೆ ಹೋಗಿದ್ದೆವು. ಹ್ಯಾಂಡ್ ಬ್ರೇಕ್ ಆರನೇ ಕ್ಲಿಕ್‌ಗೆ ಗಟ್ಟಿಯಾಗಿ ಹಿಡಿಯಿತು. ಗೇರ್‌ಗೆ ಹಾಕಿದೆ. ಡಿಕ್ಕಿ ತೆಗೆದು ಅಂಗಳದಿಂದ ವಾಪಸ್ ತಂದಿದ್ದ ಕಲ್ಲನ್ನ ಗಾಲಿ ಹಿಂದೆ ಇಟ್ಟೆ. ಅಪ್ಪ ನೋಡಿ, "ಈಗ ಇಳೀಯವ್ವಾ" ಅಂತ ಅವ್ವನಿಗೆ ಬಾಗಿಲು ತೆಗೆದ.