ದ ವೈಸ್ ಮ್ಯಾನ್ಸ್ ಫಿಯರ್

ದ ವೈಸ್ ಮ್ಯಾನ್ಸ್ ಫಿಯರ್ ಅಮೆರಿಕದ ಲೇಖಕ ಪ್ಯಾಟ್ರಿಕ್ ರಾತ್‌ಫಸ್ ಅವರ ಇಂಗ್ಲಿಷ್ ಕಾದಂಬರಿ. ಶೀರ್ಷಿಕೆಗೆ ‘ವಿವೇಕಿಯ ಭಯ’ ಎಂಬ ಅರ್ಥವಿದೆ. ‘ದ ಕಿಂಗ್‌ಕಿಲ್ಲರ್ ಕ್ರಾನಿಕಲ್’ ಎಂಬ ಕಾದಂಬರಿಮಾಲೆಯ ಎರಡನೆಯ ಸಂಪುಟವಾದ ಇದು 2011ರ ಮಾರ್ಚ್ 1ರಂದು ಪ್ರಕಟವಾಯಿತು. ಕಲ್ಪಿತ ಲೋಕದಲ್ಲಿ ನಡೆಯುವ, ಮಾಂತ್ರಿಕತೆ ಮತ್ತು ಸಾಹಸಗಳನ್ನೊಳಗೊಂಡ ಇಂತಹ ಬೃಹತ್ ಕಥನಗಳನ್ನು ಎಪಿಕ್ ಫ್ಯಾಂಟಸಿ ಎಂದು ಕರೆಯುತ್ತಾರೆ. ಮಾರಾಟದಲ್ಲಿ ದೊಡ್ಡ ಯಶಸ್ಸು ಪಡೆದ ಈ ಕೃತಿಯ ಬಗ್ಗೆ ಓದುಗರಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ.

ಹಿನ್ನೆಲೆ

ಮಾಲೆಯ ಮೊದಲ ಸಂಪುಟ ‘ದ ನೇಮ್ ಆಫ್ ದ ವಿಂಡ್’ 2007ರಲ್ಲಿ ಡಾ ಬುಕ್ಸ್ ಪ್ರಕಾಶನದಿಂದ ಹೊರಬಂದು ರಾತ್‌ಫಸ್ ಅವರಿಗೆ ಖ್ಯಾತಿ ತಂದಿತು. ಇದರ ಕಥಾನಾಯಕ ಕ್ವೋಥ್. ಒಂದು ಕಾಲದಲ್ಲಿ ಲೋಕಪ್ರಸಿದ್ಧನಾಗಿದ್ದ ಈತ ಹೆಸರು ಮರೆಸಿಕೊಂಡು ಹಳ್ಳಿಯೊಂದರಲ್ಲಿ ಛತ್ರ ನಡೆಸುತ್ತಿರುತ್ತಾನೆ. ಅವನನ್ನು ಹುಡುಕಿಕೊಂಡು ಬಂದ ಕ್ರಾನಿಕ್ಲರ್ ಎಂಬ ಬರಹಗಾರನಿಗೆ ತನ್ನ ಜೀವನಕಥೆಯನ್ನು ಮೂರು ದಿನಗಳಲ್ಲಿ ಹೇಳಿ ಮುಗಿಸುವುದಾಗಿ ಒಪ್ಪುತ್ತಾನೆ. ದಿನಕ್ಕೊಂದು ಸಂಪುಟ ಎಂಬುದು ಮಾಲೆಯ ಯೋಜನೆ. ಎರಡನೆಯ ದಿನದ ಕಥನವೇ ಪ್ರಸ್ತುತ ಕೃತಿ.

ಕಥಾಸಾರ

ಯುವಕ ಕ್ವೋಥ್ ವಿಶ್ವವಿದ್ಯಾಲಯದ ವ್ಯಾಸಂಗಕ್ಕೆ ಕೆಲಕಾಲ ವಿರಾಮ ನೀಡಿ ದೂರದ ಸೆವೆರೆನ್ ನಗರದ ದೊರೆ ಆಲ್ವೆರಾನನ ಆಶ್ರಯ ಸೇರುತ್ತಾನೆ. ದೊರೆಗೆ ನಡೆಯುತ್ತಿದ್ದ ವಿಷಪ್ರಯೋಗವನ್ನು ಬಯಲಿಗೆಳೆದು, ಅವನ ವಿವಾಹಕ್ಕೂ ನೆರವಾಗುತ್ತಾನೆ. ಬಳಿಕ ದರೋಡೆಕೋರರನ್ನು ಹಿಡಿಯಲು ಅರಣ್ಯಕ್ಕೆ ಹೋಗುತ್ತಾನೆ. ಅಲ್ಲಿಂದ ಯಕ್ಷಿಣಿಯಂತಹ ಫೆಲೂರಿಯನ್‌ಳ ಮಾಯಾಲೋಕವನ್ನು ಹೊಕ್ಕು ಹೊರಬರುತ್ತಾನೆ. ಆಡೆಮ್ ಎಂಬ ಯೋಧ ಜನಾಂಗದವರ ನಾಡಿನಲ್ಲಿ ಯುದ್ಧವಿದ್ಯೆಯನ್ನೂ ‘ಲೆಥಾನಿ’ ಎಂಬ ಅವರ ಜೀವನಧರ್ಮವನ್ನೂ ಅಭ್ಯಸಿಸಿ ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳುತ್ತಾನೆ.

ಮೆಚ್ಚುಗೆ

ಪ್ರಕಟವಾದ ಕೂಡಲೇ ಕೃತಿಯು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಾದಂಬರಿಗಳ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸಾರ್ವಜನಿಕ ಮತದಾನದ ಮೂಲಕ ನಿರ್ಧಾರವಾಗುತ್ತಿದ್ದ ಡೇವಿಡ್ ಗೆಮೆಲ್ ಲೆಜೆಂಡ್ ಪ್ರಶಸ್ತಿಯೂ 2012ರಲ್ಲಿ ಇದಕ್ಕೆ ದೊರೆಯಿತು. ಲಯಬದ್ಧವಾದ ಗದ್ಯ, ಶಾಸ್ತ್ರದಷ್ಟೇ ಖಚಿತ ನಿಯಮಗಳುಳ್ಳ ಮಂತ್ರವಿದ್ಯೆ, ಸಂಗೀತದ ವರ್ಣನೆ ಮತ್ತು ಕಥೆಯೊಳಗೆ ಕಥೆ ಹೇಳುವ ಕ್ರಮವನ್ನು ಓದುಗರು ಮೆಚ್ಚಿದರು. ಆಡೆಮ್ ಜನರು ಭಾವನೆಗಳನ್ನು ಮುಖದಲ್ಲಿ ತೋರದೆ ಕೈಸನ್ನೆಗಳಿಂದ ಸೂಚಿಸುವ ಪದ್ಧತಿಯನ್ನು ಹಲವರು ಹೊಸ ಕಲ್ಪನೆಯೆಂದು ಗುರುತಿಸಿದರು.

ಆಕ್ಷೇಪಗಳು

ಮೊದಲ ಆಕ್ಷೇಪ ಗಾತ್ರದ ಕುರಿತಾದುದು. ಸುಮಾರು 1,000 ಪುಟಗಳ ಕೃತಿ ಮುಗಿಯುವಾಗ ನಾಯಕನು ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಅವನ ತಂದೆತಾಯಿಯರನ್ನು ಕೊಂದ ಚಾಂಡ್ರಿಯನ್ನರ ರಹಸ್ಯ ಬಹುತೇಕ ಹಾಗೆಯೇ ಉಳಿಯುತ್ತದೆ. ವಿಶ್ವವಿದ್ಯಾಲಯದ ದಿನಚರಿ ನೂರಾರು ಪುಟ ಸಾಗಿದರೆ, ನಾಯಕನ ಮೇಲಿನ ವಿಚಾರಣೆ ಮತ್ತು ನೌಕಾಘಾತಕ್ಕೀಡಾದ ಸಮುದ್ರಯಾನ ಕೆಲವೇ ಸಾಲುಗಳಲ್ಲಿ ಮುಗಿಯುತ್ತವೆ. ಇದನ್ನು ಕೆಲವರು ಓದುಗರಿಗೆ ಮಾಡಿದ ವಂಚನೆ ಎಂದರು. ಇತರರು ಇದು ಲೇಖಕರ ಆಯ್ಕೆಯಲ್ಲ, ನಿರೂಪಕನ ಆಯ್ಕೆ ಎಂದು ಸಮರ್ಥಿಸಿದರು. ತನಗೆ ಮುಖ್ಯವೆನಿಸಿದ್ದನ್ನಷ್ಟೇ ಕ್ವೋಥ್ ಹೇಳುತ್ತಾನೆ ಎಂಬುದು ಅವರ ವಾದ.

ಎರಡನೆಯ ಆಕ್ಷೇಪ ಫೆಲೂರಿಯನ್ ಪ್ರಸಂಗಕ್ಕೆ ಸಂಬಂಧಿಸಿದೆ. ಅನುಭವವಿಲ್ಲದ ಹದಿಹರೆಯದ ನಾಯಕನೊಬ್ಬ ಗಂಡಸರನ್ನು ಮರುಳುಗೊಳಿಸಿ ನಾಶಮಾಡುವವಳನ್ನೇ ಗೆಲ್ಲುವುದು ಹಗಲುಗನಸಿನಂತಿದೆ, ಸ್ತ್ರೀಪಾತ್ರಗಳು ಅವನ ಹಿರಿಮೆಯನ್ನು ಎತ್ತಿ ತೋರಿಸುವ ಸಾಧನಗಳಾಗಿವೆ ಎಂಬ ಟೀಕೆ ಬಂತು. ಸಂತಾನೋತ್ಪತ್ತಿಯಲ್ಲಿ ಪುರುಷರ ಪಾತ್ರವಿಲ್ಲವೆಂಬ ಆಡೆಮ್ ಜನರ ನಂಬಿಕೆ ಅಸಂಭವವೆಂಬ ಮಾತೂ ಕೇಳಿಬಂತು. ಇದಕ್ಕೂ ಪ್ರತಿವಾದವಿದೆ. ವರ್ತಮಾನದ ಕ್ವೋಥ್ ಸೋತು ಬಳಲಿದವನು. ಕೃತಿಯ ಕೊನೆಯಲ್ಲಿ ಇಬ್ಬರು ಸೈನಿಕರು ಅವನನ್ನು ಥಳಿಸಿ ದೋಚುತ್ತಾರೆ. ತನ್ನ ದಂತಕಥೆಯನ್ನು ತಾನೇ ಕಟ್ಟಿದವನ ಮಾತನ್ನು ಓದುಗರು ಪೂರ್ತಿ ನಂಬಬಾರದು ಎಂಬುದು ಈ ಪಕ್ಷದ ನಿಲುವು.

ಮೂರನೆಯ ಸಂಪುಟದ ವಿಳಂಬ

ಈ ವಾದಗಳ ತೀರ್ಮಾನ ಬಹುಮಟ್ಟಿಗೆ ‘ದ ಡೋರ್ಸ್ ಆಫ್ ಸ್ಟೋನ್’ ಎಂಬ ಅಂತಿಮ ಸಂಪುಟವನ್ನು ಅವಲಂಬಿಸಿದೆ. ಅದು ಇನ್ನೂ ಪ್ರಕಟವಾಗಿಲ್ಲ. ನಾಯಕನಿಗೆ ರಾಜಹಂತಕನೆಂಬ ಹೆಸರು ಬಂದ ಬಗೆ, ಅವನು ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟುದು, ಅವನ ಶಕ್ತಿ ಕುಂದಿದುದಕ್ಕೆ ಕಾರಣ ಇವೆಲ್ಲವನ್ನೂ ಉಳಿದ ಒಂದೇ ದಿನದ ಕಥನ ವಿವರಿಸಬೇಕಾಗಿದೆ. ಹಾಗಾಗಿ 2011ರಲ್ಲಿ ಹಲವರಿಗೆ ಸಮೃದ್ಧಿಯಾಗಿ ಕಂಡ ವಿಸ್ತಾರವು ವರ್ಷಗಳು ಕಳೆದಂತೆ ಅಂತ್ಯವನ್ನು ಇಕ್ಕಟ್ಟಿಗೆ ಸಿಲುಕಿಸಿದ ದೋಷವಾಗಿ ಕಾಣತೊಡಗಿತು.

ಜೆ. ಆರ್. ಆರ್. ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯ ಎರಡನೆಯ ಸಂಪುಟ 1954ರ ನವೆಂಬರ್‌ನಲ್ಲಿಯೂ ಮೂರನೆಯದು 1955ರ ಅಕ್ಟೋಬರ್‌ನಲ್ಲಿಯೂ ಬಂದವು. ಆಗಿನ ಓದುಗರು ಒಂದು ವರ್ಷದೊಳಗೇ ಮಧ್ಯದ ಸಂಪುಟವನ್ನು ಅಂತ್ಯದ ಬೆಳಕಿನಲ್ಲಿ ಅಳೆಯಬಹುದಾಗಿತ್ತು. ರಾತ್‌ಫಸ್ ಅವರ ಓದುಗರಿಗೆ ಆ ಅವಕಾಶ ದೊರೆತಿಲ್ಲ. ಈ ನಡುವೆ ಅದೇ ಲೋಕದ ಎರಡು ಕಿರುಕೃತಿಗಳು ಬಂದಿವೆ: 2014ರ ‘ದ ಸ್ಲೋ ರಿಗಾರ್ಡ್ ಆಫ್ ಸೈಲೆಂಟ್ ಥಿಂಗ್ಸ್’ ಮತ್ತು 2023ರ ‘ದ ನ್ಯಾರೋ ರೋಡ್ ಬಿಟ್ವೀನ್ ಡಿಸೈರ್ಸ್’. ಇವು ಉಪಪಾತ್ರಗಳ ಕಥೆಗಳಾಗಿದ್ದು, ಮುಖ್ಯ ಕಥೆಯನ್ನು ಮುಂದುವರಿಸುವುದಿಲ್ಲ.