ಮರಳ ಮೇಲೆ ಅಕ್ಷರ, ಮನೆಗೆ ಬಂದ ಪಾಠ

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮಾತು ಒಂದೇ, ಸಂತೆಯ ವ್ಯವಹಾರ ಒಂದೇ, ಕೊಟ್ಟು ತರುವ ಸಂಬಂಧಗಳೂ ಅವೇ. ಆದರೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಎರಡು ಊರಿನ ಮೇಷ್ಟ್ರುಗಳು ಎರಡು ಬೇರೆ ಸರ್ಕಾರಗಳಿಗೆ ಉತ್ತರ ಹೇಳುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಸೀಮೆಯಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಈ ಗೆರೆ ಅಳಿಯಲಿಲ್ಲ. ಇಂದು ಎರಡೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಕೊಳ್ಳೇಗಾಲದ ಮಡಿಲಲ್ಲಿದ್ದ ಹನೂರು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ.

ಮೇಷ್ಟ್ರನ್ನು ತಯಾರು ಮಾಡುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಎರಡು ಸರ್ಕಾರಗಳೂ ಎತ್ತಿಕೊಂಡವು. ಅದಕ್ಕೂ ಮೊದಲು ಈ ಸೀಮೆಯಲ್ಲಿ ಓದು ಬರಹ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಊರಿನ ಜಗಲಿಯ ಮೇಲೋ ಗುಡಿಯ ಪೌಳಿಯಲ್ಲೋ ಕೂಲಿ ಮಠ ನಡೆಯುತ್ತಿತ್ತು. ಐಗಳಿಗೆ ಯಾವ ತರಬೇತಿಯೂ ಇರಲಿಲ್ಲ, ಸರ್ಕಾರದ ಸಂಬಳವೂ ಇರಲಿಲ್ಲ. ಮಕ್ಕಳ ಮನೆಯವರು ಕೊಟ್ಟ ದುಡ್ಡು ಮತ್ತು ದವಸವೇ ಅವರ ಜೀವನ. ಮಗು ಮೊದಲು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಕೈ ಪಳಗಿದ ಮೇಲೆ ಕಡತ ಬರುತ್ತಿತ್ತು. ಬಟ್ಟೆಗೆ ಅನ್ನದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿದ ಕರಿಯ ಹಾಳೆಗಳು ಅವು. ಅದರ ಮೇಲೆ ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯಬಹುದಾಗಿತ್ತು. ಇಂದು ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುವ ಕಡತಕ್ಕೆ ಆ ಹೆಸರು ಉಳಿದುಬಂದಿರುವುದು ಇಲ್ಲಿಂದಲೇ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಎಲ್ಲ ಜಿಲ್ಲಾ ಕಲೆಕ್ಟರುಗಳಿಗೆ ಇಂಥ ಶಾಲೆಗಳ ಲೆಕ್ಕ ಕಳಿಸುವಂತೆ ಬರೆದ. ಕೊಳ್ಳೇಗಾಲವನ್ನು ಒಳಗೊಂಡ ಕೊಯಮತ್ತೂರು ಜಿಲ್ಲೆಯಿಂದ ಬಂದ ಲೆಕ್ಕದಲ್ಲಿ 763 ಶಾಲೆಗಳೂ 8,206 ಮಕ್ಕಳೂ ಇದ್ದರು. ಶಾಲೆಯೊಂದಕ್ಕೆ ಸರಾಸರಿ ಹನ್ನೊಂದು ಮಕ್ಕಳಿಗಿಂತ ಹೆಚ್ಚಿಲ್ಲ. ಇಡೀ ಮದರಾಸು ಪ್ರಾಂತ್ಯದಲ್ಲಿ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಈ ಅಂಕಿಗಳನ್ನು ಕಂಡು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಸಂಭ್ರಮಿಸುವವರೂ ಇದ್ದಾರೆ. ಲೆಕ್ಕದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ತೀರ ಅಲ್ಪ ಎಂಬುದನ್ನು ಅವರು ಮರೆಯಬಾರದು. ಯಳಂದೂರಿನವಳೆಂದು ಪ್ರಸಿದ್ಧಳಾದ ಸಂಚಿ ಹೊನ್ನಮ್ಮ ಹದಿನೇಳನೆಯ ಶತಮಾನದಲ್ಲೇ ‘ಹದಿಬದೆಯ ಧರ್ಮ’ ಬರೆದಳು, ನಿಜ. ಆದರೆ ಅವಳಿಗೆ ವಿದ್ಯೆ ದೊರೆತದ್ದು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, ಊರಿನ ಮಠದಲ್ಲಲ್ಲ.

ಬಹುತೇಕ ಕಲೆಕ್ಟರುಗಳು ಅಂಕಿಗಳನ್ನಷ್ಟೇ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ ಶಾಲೆಯ ಒಳಗೆ ನಡೆಯುವುದನ್ನು 1823ರಲ್ಲಿ ವಿವರವಾಗಿ ಬರೆದ. ಕನ್ನಡ ನಾಡಿನ ಕೂಲಿ ಮಠದ ಬಗ್ಗೆ ದೊರೆಯುವ ಚೊಕ್ಕ ಚಿತ್ರಗಳಲ್ಲಿ ಇದೊಂದು. ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗಳೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತಿತ್ತು. ಕಡೆಯಲ್ಲಿ ಬಂದವನ ಪಾಡು ಓದುಗರೇ ಊಹಿಸಿಕೊಳ್ಳಬಹುದು.

ಕ್ಯಾಂಪ್‌ಬೆಲ್ ಮೆಚ್ಚಿದ್ದು ಎರಡು ಸಂಗತಿಗಳನ್ನು. ಮರಳು, ಕಡತಗಳಿಂದ ಬರಹ ಕಲಿಸುವ ಅಗ್ಗದ ವಿಧಾನ ಒಂದು. ಮುಂದಿರುವ ಹುಡುಗರಿಂದಲೇ ಹಿಂದಿರುವವರಿಗೆ ಹೇಳಿಕೊಡಿಸುವ ಪದ್ಧತಿ ಇನ್ನೊಂದು. ಕಲಿಸುತ್ತಾ ಕಲಿಸುತ್ತಾ ದೊಡ್ಡವನ ಪಾಠವೂ ಗಟ್ಟಿಯಾಗುತ್ತದೆಂಬುದನ್ನು ಅವನು ಗುರುತಿಸಿದ. ಅವನು ದೂರಿದ ಸಂಗತಿಯೂ ಅಷ್ಟೇ ಮುಖ್ಯ. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಭಾಷೆ ಬೇರೆ, ಮನೆಯಲ್ಲಿ ಆಡುವ ಭಾಷೆ ಬೇರೆ. ಓದುತ್ತಿರುವುದರ ಅರ್ಥ ಮಕ್ಕಳಿಗೂ ಗೊತ್ತಿಲ್ಲ, ಎಷ್ಟೋ ಸಲ ಐಗಳಿಗೂ ಗೊತ್ತಿಲ್ಲ ಎಂದ.

ಈ ಪದ್ಧತಿಯನ್ನು ಇಂಗ್ಲೆಂಡು ಅನುಸರಿಸಿದ್ದು ಸರಿಯಾಗಿದೆ ಎಂಬ ಅಭಿಪ್ರಾಯವೂ ಅವನದು. ಅದರ ಹಿಂದೆ ಒಂದು ಕಥೆಯಿದೆ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿ ಸೋಲ್ಜರುಗಳ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾದ. ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಬರೆಯುತ್ತಿದ್ದುದನ್ನು ಕಂಡು, ತನ್ನ ಶಾಲೆಯಲ್ಲೂ ಹಾಗೆಯೇ ಕಲಿಸಿ ಎಂದ. ಅವನ ಉಪಾಧ್ಯಾಯರು ಮೂಗು ಮುರಿದರು. ಬೆಲ್ ಹಟ ಬಿಡಲಿಲ್ಲ. ಜಾನ್ ಫ್ರಿಸ್ಕಿನ್ ಎಂಬ ಎಂಟು ವರ್ಷದ ಹುಡುಗನಿಗೆ ಚಿಕ್ಕ ಮಕ್ಕಳ ತರಗತಿಯನ್ನು ಒಪ್ಪಿಸಿದ. ಹುಡುಗ ಗೆದ್ದ. ಬೆಲ್ ಊರಿಗೆ ಮರಳಿ 1797ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಮಾರನೆಯ ವರ್ಷವೇ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅಂಥದೇ ಶಾಲೆ ತೆರೆದ. ಮೊದಲು ಕಂಡುಹಿಡಿದದ್ದು ಯಾರೆಂದು ಆಮೇಲೆ ಇಬ್ಬರ ಕಡೆಯವರೂ ವರ್ಷಗಟ್ಟಲೆ ಜಗಳವಾಡಿದರು. ಜಗಲಿಯ ಮೇಲೆ ಕುಳಿತ ಐಗಳ ಹೆಸರನ್ನು ಆ ಜಗಳದಲ್ಲಿ ಯಾರೂ ಎತ್ತಲಿಲ್ಲ.

ಬೆಲ್ ‘ಮದರಾಸ್ ಪದ್ಧತಿ’ ಎಂದು ಕರೆದ ಈ ವಿಧಾನ ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳಲ್ಲಿ ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ಕೂರಿಸುವ ಯಂತ್ರವಾಯಿತು. ಇಲ್ಲಿಂದ ಹೋದದ್ದು ಹನ್ನೊಂದು ಮಕ್ಕಳ ಮಠದ ಉಪಾಯ. ಅಲ್ಲಿ ಆದದ್ದು ಬೇರೆಯೇ ಏನೋ.

ಮನ್ರೋ ಲೆಕ್ಕ ತರಿಸಿಕೊಂಡು ಸುಮ್ಮನಾಗಲಿಲ್ಲ. 1826ರಲ್ಲಿ ಒಂದು ಯೋಜನೆ ಮುಂದಿಟ್ಟ. ಮದರಾಸಿನಲ್ಲಿ ಉಪಾಧ್ಯಾಯರನ್ನು ತಯಾರಿಸುವ ಕೇಂದ್ರ ಶಾಲೆ, ಜಿಲ್ಲೆಗೆ ಎರಡರಂತೆ 40 ಕಲೆಕ್ಟರೇಟ್ ಶಾಲೆಗಳು, ಕೆಳಗೆ 300 ತಹಸೀಲ್ದಾರಿ ಶಾಲೆಗಳು. ಹಳ್ಳಿಯ ಮೇಷ್ಟ್ರ ಗಳಿಕೆ ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚಿಲ್ಲ, ಅದರಲ್ಲಿ ಒಳ್ಳೆಯ ಮೇಷ್ಟ್ರು ಹೇಗೆ ಸಿಕ್ಕಾನು ಎಂಬುದು ಅವನ ವಾದ. ಹಾಗಾಗಿ ತಹಸೀಲ್ದಾರಿ ಮೇಷ್ಟ್ರಿಗೆ ಒಂಬತ್ತು ರೂಪಾಯಿ ಗೊತ್ತುಪಡಿಸಿದ. ಉಪಾಧ್ಯಾಯನ ತಯಾರಿಗೆ ಖರ್ಚು ಮಾಡಬೇಕೆಂದು ಮದರಾಸು ಸರ್ಕಾರ ಒಪ್ಪಿದ್ದು ಇದರಿಂದಲೇ. ಆದರೆ 1827ರಲ್ಲಿ ಮನ್ರೋ ಕಾಲರಾಕ್ಕೆ ಬಲಿಯಾದ. ಯೋಜನೆಯ ಜೀವವೂ ಅವನೊಡನೆ ಅರ್ಧ ಹೋಯಿತು. ಮೆಕಾಲೆಯ ಟಿಪ್ಪಣಿ ಬಂದ ಮೇಲೆ ಸರ್ಕಾರದ ದೃಷ್ಟಿ ಇಂಗ್ಲಿಷಿನ ಕಡೆ ಹೊರಳಿತು, 1836ರಲ್ಲಿ ಹಳ್ಳಿಗಾಡಿನ ಈ ಶಾಲೆಗಳನ್ನು ಕೈಬಿಡಲಾಯಿತು.

ಮತ್ತೆ ಇಪ್ಪತ್ತು ವರ್ಷ ಕಾಯಬೇಕಾಯಿತು. 1854ರ ವುಡ್ ಆಜ್ಞೆಯ ಮೇರೆಗೆ 1856ರಲ್ಲಿ ಮದರಾಸಿನಲ್ಲಿ ನಾರ್ಮಲ್ ಸ್ಕೂಲು ತೆರೆಯಿತು. ಅದೇ ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಯಿತು. ಇತ್ತ ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್, ಶಾಸನಗಳ ರೈಸ್ ಎಂದೇ ಕನ್ನಡಿಗರು ಬಲ್ಲ ಅದೇ ವ್ಯಕ್ತಿ, 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಹಾಕಿದರು. ಹೋಬಳಿಗೊಂದು ಶಾಲೆ, ಅದಕ್ಕೆ ನಾರ್ಮಲ್ ಸ್ಕೂಲಿನಲ್ಲಿ ಪಳಗಿದ ಒಬ್ಬ ಮೇಷ್ಟ್ರು. ಎಪಿಗ್ರಾಫಿಯಾ ಕರ್ನಾಟಿಕಾದ ಖ್ಯಾತಿಯಲ್ಲಿ ರೈಸರ ಈ ಕೆಲಸ ಮರೆಯಾಗಿಬಿಟ್ಟಿದೆ. ಹಳ್ಳಿಗಳಿಗೆ ಅದು ಮಾಡಿದ ಉಪಕಾರ ಶಾಸನ ಸಂಪುಟಗಳಿಗಿಂತ ಕಡಿಮೆಯದೇನಲ್ಲ.

ನಾರ್ಮಲ್ ಸ್ಕೂಲಿನಿಂದ ಬಂದ ಮೇಷ್ಟ್ರು ತನ್ನೊಡನೆ ಕರಿಹಲಗೆ, ಗಂಟೆ, ವೇಳಾಪಟ್ಟಿ, ತರಗತಿ ಎಂಬ ಹೊಸ ಏರ್ಪಾಡನ್ನು ತಂದ. ಒಂದು ವಯಸ್ಸಿನ ಮಕ್ಕಳು ಒಂದು ಕೋಣೆಯಲ್ಲಿ, ಒಂದೇ ಪುಸ್ತಕದ ಒಂದೇ ಪುಟದಲ್ಲಿ. ಮುಂದಿನವನು ಹಿಂದಿನವನಿಗೆ ಹೇಳಿಕೊಟ್ಟರೆ ಈಗ ಅದು ಗಲಾಟೆ. ಈ ಏರ್ಪಾಡು ನಡೆಯಬೇಕಾದರೆ ತರಗತಿಗೊಬ್ಬ ಮೇಷ್ಟ್ರು ಬೇಕು. ಅಷ್ಟು ಮೇಷ್ಟ್ರುಗಳು ಯಾವ ಕಾಲಕ್ಕೂ ಸಿಗಲಿಲ್ಲ. 1913ರಲ್ಲಿ ಮೈಸೂರೂ 1920ರಲ್ಲಿ ಮದರಾಸೂ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿದ ಮೇಲೂ ಸಣ್ಣ ಊರಿನಲ್ಲಿ ಒಬ್ಬನೇ ಮೇಷ್ಟ್ರು ನಾಲ್ಕು ತರಗತಿಗಳ ನಡುವೆ ಓಡಾಡುತ್ತಿದ್ದ. ಒಂದಕ್ಕೆ ಪಾಠ ಮಾಡುವಾಗ ಉಳಿದ ಮೂರಕ್ಕೆ ಮಗ್ಗಿ. ತರಬೇತಿಯಲ್ಲಿ ಕಲಿತದ್ದು ನಾಲ್ಕು ಕೋಣೆಯ ಶಾಲೆಗೆ, ಸಿಕ್ಕಿದ್ದು ಒಂದು ಕೋಣೆಯ ಶಾಲೆ.

ಸ್ವಾತಂತ್ರ್ಯ ಬಂದ ನಂತರವೂ ಈ ಬಿರುಕು ಮುಚ್ಚಲಿಲ್ಲ. 1963ರಲ್ಲಿ ಎನ್‌ಸಿಇಆರ್‌ಟಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜನ್ನು ತೆರೆಯಿತು. ಪದವಿ ಮುಗಿಸಿದ ಮೇಲೆ ಒಂದು ವರ್ಷ ಬೋಧನಾ ವಿಧಾನ ಕಲಿಸುವ ಬದಲು, ವಿಜ್ಞಾನವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಜೊತೆಯಾಗಿ ಕಲಿಸುವ ಅದರ ಪ್ರಯೋಗ ದೇಶದಲ್ಲೇ ಹೊಸತು. ಪಕ್ಕದಲ್ಲೇ ಪ್ರಾತ್ಯಕ್ಷಿಕೆ ಶಾಲೆಯೂ ಇತ್ತು. ಈಚಿನ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷದ ಸಂಯುಕ್ತ ಪದವಿಯನ್ನು ಹೊಸ ಮಾತೆಂಬಂತೆ ಹೇಳುವಾಗ ಮೈಸೂರಿನ ಹಳಬರು ನಕ್ಕರೆ ತಪ್ಪಿಲ್ಲ. ಆದರೆ ಈ ಕಾಲೇಜು ಹೆಚ್ಚಾಗಿ ತಯಾರಿಸಿದ್ದು ಪ್ರೌಢಶಾಲೆಯ ಉಪಾಧ್ಯಾಯರನ್ನು. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತಕ್ಕೋ ತುಳಸಿಕೆರೆಗೋ ಹೋಗುವ ಪ್ರಾಥಮಿಕ ಶಾಲಾ ಮೇಷ್ಟ್ರು ಬರುತ್ತಿದ್ದುದು ಟಿಸಿಎಚ್ ತರಬೇತಿಯಿಂದ. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಬಂದಿತು. ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂಬ ಕರಿಹಲಗೆ ಕಾರ್ಯಾಚರಣೆಯೂ ಬಂದಿತು. ಇಬ್ಬರು ಎಂಬ ಗುರಿಯೇ ಅದುವರೆಗಿನ ಸ್ಥಿತಿಯನ್ನು ಹೇಳುತ್ತದೆ.

ಇದೇ ಹೊತ್ತಿಗೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಬೇರೊಂದು ಕೆಲಸ ನಡೆದಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆಯ ಜೊತೆಗೇ ಸೋಲಿಗರ ಮಕ್ಕಳಿಗೆ ಶಾಲೆಯನ್ನೂ ನಡೆಸತೊಡಗಿತು. ಸೋಲಿಗರ ಪೋಡುಗಳ ಮಾತು ಕನ್ನಡಕ್ಕೆ ಹತ್ತಿರದ್ದೇ ಆದರೂ ಪಠ್ಯಪುಸ್ತಕದ ಕನ್ನಡವಲ್ಲ. ಕಾಡಿನ ನೂರಾರು ಗಿಡಮರಗಳ ಹೆಸರು ಬಲ್ಲ ಮಗು ‘ಅ’ ಎಂದರೆ ಅರಸ ಎಂಬಲ್ಲಿ ತಡವರಿಸುತ್ತದೆ. ಕ್ಯಾಂಪ್‌ಬೆಲ್ ಬಳ್ಳಾರಿಯಲ್ಲಿ ಕಂಡ ತೊಡಕೇ ಇದು, ಬೆಟ್ಟದಲ್ಲಿ ಇನ್ನಷ್ಟು ಕಗ್ಗಂಟು. ಮಗು ಬಲ್ಲದ್ದರಿಂದ ಪಾಠ ಶುರುಮಾಡಬೇಕೆಂಬ ಮಾತನ್ನು ತರಬೇತಿಯ ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ಮಗು ಏನು ಬಲ್ಲದೆಂದು ಮೇಷ್ಟ್ರಿಗೆ ಗೊತ್ತಿರಬೇಕಲ್ಲ.

1995ರಲ್ಲಿ ಅಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೊಳ್ಳೇಗಾಲ, ಯಳಂದೂರುಗಳೂ ಆಗ ಅದೇ ಜಿಲ್ಲೆಯವು. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಕೋಟೆಯೂ ಹನೂರಿನಂತೆ ಕಾಡಂಚಿನ ಸೀಮೆ, ಚದುರಿದ ಹಾಡಿಗಳು, ಒಬ್ಬಿಬ್ಬರು ಶಿಕ್ಷಕರ ಶಾಲೆಗಳು. ಅಲ್ಲಿನ ಕೆಲವು ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಸುತ್ತಲ ಹಳ್ಳಿಗಳ ಒಂಟಿ ಶಿಕ್ಷಕರ ಶಾಲೆಗಳನ್ನು ನೋಡಿ ಬಂದರು. ಬಂದವರು ನೋಡಿದ್ದನ್ನೇ ನಕಲು ಮಾಡಲಿಲ್ಲ. ಕುಳಿತು ತಾವೇ ಕನ್ನಡದಲ್ಲಿ ಕಾರ್ಡುಗಳನ್ನು ಬರೆದರು. ನಲಿ-ಕಲಿ ಹುಟ್ಟಿದ್ದು ಹಾಗೆ.

ಅದರ ಒಳಗುಟ್ಟು ಸರಳ. ಪಾಠಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಮೆಟ್ಟಿಲುಗಳ ಕಲಿಕಾ ಏಣಿ ಮಾಡಲಾಯಿತು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಅದೇ ಗುರುತಿನ ಕಾರ್ಡು. ಮಗು ತಾನಿರುವ ಮೆಟ್ಟಿಲನ್ನು ತಾನೇ ಗೋಡೆಯ ಮೇಲೆ ನೋಡಿಕೊಂಡು ಕಾರ್ಡು ಎತ್ತಿಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ನೆರವು, ಒಂದಕ್ಕೆ ಅಷ್ಟಿಷ್ಟು, ಬೇರೆ ತಟ್ಟೆಗಳಲ್ಲಿ ಜೊತೆಯ ಮಕ್ಕಳ ನೆರವು, ಕಡೆಯದರಲ್ಲಿ ಮಗು ತಾನೇ ಕಲಿಯಬೇಕು. ಜ್ವರ ಬಂದೋ, ಕೂಲಿಗೆ ಹೋದ ಅಪ್ಪ ಅಮ್ಮನ ಜೊತೆಗೋ ತಿಂಗಳು ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅಕ್ಷರಮಾಲೆಯ ಕ್ರಮವೂ ಮುರಿಯಿತು. ಅ ಆ ಇ ಈ ಬದಲು ರ, ಗ, ಸ, ದ, ಅ. ತಿದ್ದಲು ಸುಲಭ, ಮೊದಲ ವಾರಗಳಲ್ಲೇ ಸರ, ಗರಗಸ, ಅರಸ ಎಂದು ಓದಲೂಬಹುದು. ಹಳಬರಿಗೆ ಇದು ಅಪಚಾರವೆನಿಸಿತು. ಮಗ್ಗುಲಲ್ಲಿ ಕುಳಿತವನು ಹೇಳಿಕೊಡುವುದು ಮತ್ತೆ ಪಾಠವಾಯಿತು. ಜಗಲಿಯಿಂದ ಲಂಡನ್ನಿಗೆ ಹೋದ ಉಪಾಯ ಎರಡು ಶತಮಾನ ಸುತ್ತಿ ಮೈಸೂರು ಜಿಲ್ಲೆಯ ಒಂದು ಕೋಣೆಗೆ ಬಂದಿತ್ತು.

2009-10ರಲ್ಲಿ ಸರ್ಕಾರ ನಲಿ-ಕಲಿಯನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಕಡ್ಡಾಯ ಮಾಡಿತು. ಆಗಲೇ ತೊಡಕು ಶುರುವಾದದ್ದು. ಕೋಟೆಯ ಶಿಕ್ಷಕರಿಗೆ ಅದು ತಾವು ಬರೆದ ಕಾರ್ಡು, ಬೇರೆಡೆಯವರಿಗೆ ಅದು ಮೇಲಿನಿಂದ ಬಂದ ಸುತ್ತೋಲೆ. ಕೋಟೆಯವರು ತಿಂಗಳುಗಟ್ಟಲೆ ಜಗಳವಾಡಿ, ತಿದ್ದಿ, ಹರಿದು ಮತ್ತೆ ಬರೆದದ್ದನ್ನು ಉಳಿದವರು ಕೆಲವೇ ದಿನಗಳ ತರಬೇತಿಯಲ್ಲಿ ಅರಗಿಸಿಕೊಳ್ಳಬೇಕಾಯಿತು. ಕಾರ್ಡು ಕಳೆದರೆ ಹೊಸದು ಬರುವುದು ತಡ. ತರಗತಿಗೊಬ್ಬರು ಶಿಕ್ಷಕರಿದ್ದ ದೊಡ್ಡ ಶಾಲೆಗಳಿಗೆ ಇದರ ಅಗತ್ಯವೇ ಕಾಣಲಿಲ್ಲ. ನಮ್ಮ ಮಗುವಿನ ಕೈಯಲ್ಲಿ ಪುಸ್ತಕವೇ ಇಲ್ಲವಲ್ಲ ಎಂದು ಹೆತ್ತವರೂ ಗೊಣಗಿದರು. ಅವರ ಗೊಣಗಾಟವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಪಕ್ಕದ ಕಾನ್ವೆಂಟಿನ ಮಗು ಚೀಲದ ತುಂಬ ಪುಸ್ತಕ ಹೊತ್ತು ಹೋಗುವುದನ್ನು ಅವರು ದಿನವೂ ನೋಡುತ್ತಿದ್ದರು.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಸರ್ಕಾರ ವಿದ್ಯಾಗಮ ಎಂಬ ಏರ್ಪಾಡು ಮಾಡಿತು. ಶಿಕ್ಷಕರೇ ಮಕ್ಕಳಿದ್ದ ಕೇರಿಗೆ ಹೋಗಿ, ಗುಡಿಯ ಜಗಲಿಯಲ್ಲೋ ಮರದ ನೆರಳಲ್ಲೋ, ಬೇರೆ ಬೇರೆ ತರಗತಿಯ ಹತ್ತು ಹದಿನೈದು ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡಿದರು. ವಠಾರ ಶಾಲೆ ಎಂದು ಅದಕ್ಕೆ ಹೆಸರು. ಮೊಬೈಲಿಗೆ ಸಿಗ್ನಲ್ ಸಿಗದ ಬೆಟ್ಟದೂರುಗಳಲ್ಲಿ ಬೇರೆ ದಾರಿಯೂ ಇರಲಿಲ್ಲ. ಹಲವು ತರಗತಿಗಳನ್ನು ಒಟ್ಟಿಗೆ ಆಳುವುದು ಹೇಗೆಂಬುದು ನಲಿ-ಕಲಿ ನಡೆಸಿದ ಶಿಕ್ಷಕರಿಗೆ ಹೊಸತಾಗಿರಲಿಲ್ಲ. ಸೋಂಕು ಹರಡುವ ಭಯದಿಂದ ಅದೇ ಅಕ್ಟೋಬರಿನಲ್ಲಿ ವಿದ್ಯಾಗಮವನ್ನು ನಿಲ್ಲಿಸಲಾಯಿತು.