ಸೇನ್ ದ್ವೀಪ: ಅಲೆಮಟ್ಟದ ಊರು

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಬ್ರಿಟನಿ ಪ್ರಾಂತ್ಯ ಅಟ್ಲಾಂಟಿಕ್ ಸಾಗರದೊಳಗೆ ಚಾಚಿಕೊಂಡಿದೆ. ಅದರ ಪಶ್ಚಿಮ ತುದಿಗಳಲ್ಲಿ ಒಂದಾದ ಪ್ವಾಂತ್ ದ್ಯು ರಾ ಎಂಬ ಕಡಿದಾದ ಭೂಶಿರದಿಂದ ಸುಮಾರು 8 ಕಿಲೋಮೀಟರ್ ಆಚೆ ಸೇನ್ ದ್ವೀಪವಿದೆ. ಬ್ರೆಟನ್ ಭಾಷೆಯಲ್ಲಿ ಇದರ ಹೆಸರು ಎನೆಜ್ ಸುನ್. ಉದ್ದ ಎರಡು ಕಿಲೋಮೀಟರಿನಷ್ಟು. ಅಗಲ ಕೆಲವೆಡೆ ಐದುನೂರು ಮೀಟರ್ ಇದ್ದರೆ ನಡುವಿನ ಒಂದು ಕಡೆ ಬರೀ ಹತ್ತಾರು ಮೀಟರ್. ಒಟ್ಟು ನೆಲ 60 ಹೆಕ್ಟೇರ್‌ಗೂ ಕಡಿಮೆ. ಸಮುದ್ರಮಟ್ಟದಿಂದ ಅದರ ಸರಾಸರಿ ಎತ್ತರ ಒಂದೂವರೆ ಮೀಟರ್, ಅತಿ ಎತ್ತರದ ಜಾಗವೂ ಹತ್ತು ಮೀಟರ್ ಮುಟ್ಟುವುದಿಲ್ಲ. ದ್ವೀಪದ ಚರಿತ್ರೆಯಲ್ಲಿ ನಡೆದ ಬಹುಪಾಲು ಸಂಗತಿಗಳಿಗೆ ಈ ತಗ್ಗೇ ಮೂಲ.

ದ್ವೀಪಕ್ಕೂ ಭೂಶಿರಕ್ಕೂ ನಡುವಿನ ರಾ ದ ಸೇನ್ ಕಡಲಹಾದಿಯಲ್ಲಿ ಉಬ್ಬರ ಇಳಿತದ ಸೆಳೆತ ಯುರೋಪಿನಲ್ಲೇ ಅತಿ ಬಿರುಸಾದವುಗಳಲ್ಲಿ ಒಂದು. ಪಶ್ಚಿಮಕ್ಕೆ ಇನ್ನೊಂದು ಅಪಾಯ ಕಾದಿದೆ. ದ್ವೀಪದ ಕಲ್ಲಿನ ಬೆನ್ನು ನೀರಿನಡಿಯಲ್ಲೇ ಮುಂದುವರಿದು, ಸುಮಾರು 25 ಕಿಲೋಮೀಟರ್ ದೂರದವರೆಗೆ ಬಂಡೆಸಾಲಾಗಿ ಹರಡಿದೆ. ಇವುಗಳಲ್ಲಿ ಕೆಲವು ಇಳಿತದಲ್ಲಿ ಮಾತ್ರ ತಲೆ ತೋರುತ್ತವೆ, ಹಲವು ಎಂದೂ ತೋರುವುದಿಲ್ಲ. 1796ರ ಡಿಸೆಂಬರಿನಲ್ಲಿ ಐರ್ಲೆಂಡಿನ ದಂಡಯಾತ್ರೆಗೆಂದು ಬ್ರೆಸ್ಟ್ ಬಂದರಿನಿಂದ ಹೊರಟ ‘ಸೆದ್ವಿಸಾಂ’ ಯುದ್ಧನೌಕೆ ಈ ಕಡಲಹಾದಿಯ ಬಂಡೆಗೆ ಬಡಿದು ಒಡೆಯಿತು. ನೂರಾರು ಸೈನಿಕರೂ ನಾವಿಕರೂ ಸತ್ತರು. ಸೇನ್ ಕಂಡರೆ ಕೊನೆ ಕಂಡಂತೆ ಎಂಬ ಅರ್ಥದ ಮಾತು ಆ ಕರಾವಳಿಯ ನಾವಿಕರಲ್ಲಿ ಬಳಕೆಗೆ ಬಂದದ್ದು ಇಂಥ ಅನುಭವಗಳಿಂದಲೇ.

ಮನುಷ್ಯರು ಇಲ್ಲಿ ಬಹಳ ಹಿಂದೆಯೇ ನೆಲೆಸಿದ್ದರು. ಚರ್ಚಿನ ಪಕ್ಕದಲ್ಲಿ ಇಂದಿಗೂ ನಿಂತಿರುವ ಎರಡು ನಿಲುಗಲ್ಲುಗಳು ಇತಿಹಾಸಪೂರ್ವ ಕಾಲದವು. ಎದುರುಬದುರಾಗಿ ನಿಂತ ಅವುಗಳನ್ನು ಊರವರು ‘ಮಾತುಗಾರರು’ ಎಂದೇ ಕರೆಯುತ್ತಾರೆ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಭೂಗೋಳಕಾರ ಪೊಂಪೋನಿಯಸ್ ಮೇಲಾ ‘ಸೇನಾ’ ಎಂಬ ದ್ವೀಪವನ್ನು ಹೆಸರಿಸಿದ್ದಾನೆ. ಅಲ್ಲಿ ಒಂಬತ್ತು ಮಂದಿ ಕನ್ಯೆಯರು ದೇವತೆಯೊಬ್ಬನ ಪೂಜಾರಿಣಿಯರಾಗಿದ್ದರಂತೆ; ಹಾಡಿನಿಂದ ಗಾಳಿ ಅಲೆಗಳನ್ನು ಎಬ್ಬಿಸುತ್ತಿದ್ದರಂತೆ, ತಮ್ಮಲ್ಲಿಗೇ ಬಂದ ನಾವಿಕರಿಗೆ ಭವಿಷ್ಯ ಹೇಳುತ್ತಿದ್ದರಂತೆ. ಆ ಸೇನಾ ಇದೇ ದ್ವೀಪವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆದರೆ ಪೂಜಾರಿಣಿಯರ ಕಥೆಗೆ ನೆಲದಲ್ಲಿ ಯಾವ ಕುರುಹೂ ಸಿಕ್ಕಿಲ್ಲ. ದೂರದ ಕಡಲಿನ ಬಗ್ಗೆ ಮೆಡಿಟರೇನಿಯನ್ ಜನರಿಗಿದ್ದ ಭಯ ಬೆರಗುಗಳ ದಾಖಲೆಯಾಗಿ ಅದನ್ನು ಓದುವುದು ಹೆಚ್ಚು ಸರಿ.

ಕ್ರೈಸ್ತ ಮತದ ಕಟ್ಟುನಿಟ್ಟಾದ ಆಚರಣೆ ಇಲ್ಲಿ ಬೇರೂರಿದ್ದು ತಡವಾಗಿ. 17ನೆಯ ಶತಮಾನದ ಆರಂಭದಲ್ಲಿ ಮಿಶೆಲ್ ಲ ನೊಬ್ಲೆ ಎಂಬ ಧರ್ಮಪ್ರಚಾರಕ ಬಂದು ಬೋಧನೆ ನಡೆಸಿದ. ಅವನು ಹೋದ ಮೇಲೆ ಇಲ್ಲಿ ಉಳಿಯಲು ಪಾದ್ರಿಗಳಾರೂ ಒಪ್ಪಲಿಲ್ಲ. ಆಗ ಫ್ರಾನ್ಸ್ವಾ ಲ ಸು ಎಂಬ ಮೀನುಗಾರನೇ ಊರವರನ್ನು ಸೇರಿಸಿ ಪ್ರಾರ್ಥನೆ ನಡೆಸತೊಡಗಿದ. 1641ರಲ್ಲಿ ಬಂದ ಜೆಸ್ಯುಟ್ ಪಾದ್ರಿ ಜೂಲಿಯೆಂ ಮೊನ್ವಾರ್ ಅವನನ್ನು ಕಂಡು ಮೆಚ್ಚಿದ. ವಯಸ್ಸಾಗಿದ್ದ ಆ ಮೀನುಗಾರನಿಗೆ ಮುಂದೆ ಪಾದ್ರಿಯ ದೀಕ್ಷೆಯೂ ದೊರೆಯಿತು. ಆಂರಿ ಕೆಫೆಲೆಕ್ 1944ರಲ್ಲಿ ಪ್ರಕಟಿಸಿದ ಕಾದಂಬರಿಗೂ, ಅದನ್ನು ಆಧರಿಸಿ 1950ರಲ್ಲಿ ಜಾನ್ ದೆಲಾನ್ವಾ ನಿರ್ದೇಶಿಸಿದ ಚಿತ್ರಕ್ಕೂ ಇದೇ ಪ್ರಸಂಗ ಬೀಜವಾಯಿತು.

ಕಡಲು ಆಗಾಗ ಊರೊಳಗೇ ನುಗ್ಗುತ್ತಿತ್ತು. 1756, 1868, 1896ರ ಬಿರುಗಾಳಿಗಳಲ್ಲಿ ಅಲೆಗಳು ದ್ವೀಪವನ್ನು ದಾಟಿ ಹರಿದವು. ಜನ ಅಟ್ಟ ಹತ್ತಿ, ಮಾಡಿನ ಮೇಲೆ ಕೂತು ಜೀವ ಉಳಿಸಿಕೊಂಡರು. ಬ್ರಿಟನಿಯ ಆಡಳಿತ ಹೊತ್ತಿದ್ದ ಎಗಿಯೋಂ ಡ್ಯೂಕ್ 18ನೆಯ ಶತಮಾನದಲ್ಲಿ ಎಲ್ಲರನ್ನೂ ಮುಖ್ಯಭೂಮಿಗೆ ಸಾಗಿಸುವ ಪ್ರಸ್ತಾಪ ಇಟ್ಟ. ದ್ವೀಪದವರು ಒಪ್ಪಲಿಲ್ಲ. ಒಡ್ಡುಗಳನ್ನು ಕಟ್ಟಿಕೊಂಡು ಅಲ್ಲೇ ಉಳಿದರು. ಮನೆಗಳನ್ನು ಒತ್ತೊತ್ತಾಗಿ ಕಟ್ಟಿ, ನಡುವಿನ ಓಣಿಗಳಿಗೆ ಒಂದು ಪೀಪಾಯಿ ಉರುಳಿಸುವಷ್ಟು ಮಾತ್ರ ಅಗಲ ಬಿಟ್ಟರು, ಗಾಳಿ ಒಳನುಗ್ಗದಿರಲಿ ಎಂದು. ಇಂಥ ನೆಲಕ್ಕೆ ತೆರಿಗೆ ಹಾಕುವುದು ಅನ್ಯಾಯವೆಂದು ರಾಜರ ಕಾಲದಲ್ಲೇ ಕೊಟ್ಟ ವಿನಾಯಿತಿಯ ಮುಂದುವರಿಕೆಯಾಗಿ ಇಲ್ಲಿನವರು ಭೂತೆರಿಗೆ ಕಟ್ಟುವುದಿಲ್ಲ.

ದುಡಿಮೆ ಹೆಣ್ಣು ಗಂಡುಗಳ ನಡುವೆ ಸ್ಪಷ್ಟವಾಗಿ ಹಂಚಿತ್ತು. ಗಂಡಸರು ಬಂಡೆಗಳ ನಡುವೆ ಲಾಬ್‌ಸ್ಟರ್, ಏಡಿ, ಮೀನು ಹಿಡಿಯುತ್ತಿದ್ದರು. ಮರವೇ ಇಲ್ಲದ ನೆಲದಲ್ಲಿ ಬಾರ್ಲಿ, ಆಲೂಗಡ್ಡೆ ಬೆಳೆಯುವ ಕೆಲಸವೆಲ್ಲ ಹೆಂಗಸರದು. ಪಾಲಾಗುತ್ತ ಪಾಲಾಗುತ್ತ ಹೊಲಗಳು ಅಂಗಳದಷ್ಟು ಕಿರಿದಾದವು; ಪ್ರತಿಯೊಂದಕ್ಕೂ ಗಾರೆಯಿಲ್ಲದ ಕಲ್ಲುಗೋಡೆ. ದಡಕ್ಕೆ ಬಂದ ಕಡಲಪಾಚಿಯನ್ನು ಎಳೆದು ಒಣಗಿಸಿ ಸುಡುತ್ತಿದ್ದವರಲ್ಲೂ ಅವರೇ ಹೆಚ್ಚು. ಆ ಬೂದಿಗಟ್ಟಿಯಿಂದ ಮುಖ್ಯಭೂಮಿಯ ಕಾರ್ಖಾನೆಗಳು ಅಯೋಡಿನ್ ತೆಗೆಯುತ್ತಿದ್ದವು. 1880ರ ದಶಕದಲ್ಲಿ ಕಾಲರಾ ಬಂದು ಮನೆಮನೆಗಳಲ್ಲಿ ಸಾವಾದಾಗ ಹೆಂಗಸರು ಸೂತಕದ ಗುರುತಾಗಿ ಕಪ್ಪು ಶಿರವಸ್ತ್ರ ತೊಟ್ಟರು. ‘ಜಿಬಿಲಿನೆನ್’ ಎಂಬ ಅದನ್ನು ಮುಂದೆ ಯಾರೂ ತೆಗೆಯಲಿಲ್ಲ. ಅದೇ ಸೇನ್ ಹೆಂಗಸರ ಉಡುಪಾಗಿ 20ನೆಯ ಶತಮಾನದವರೆಗೂ ಉಳಿಯಿತು.

ದ್ವೀಪದ ಮೊದಲ ದೀಪಸ್ತಂಭ 1839ರಲ್ಲಿ ಬೆಳಗಿತು. ಆದರೆ ಆ ಬೆಳಕು ಬಂಡೆಸಾಲಿನ ದೂರದ ತುದಿಯನ್ನು ಕಾಯಲಾರದಾಗಿತ್ತು. 1859ರಲ್ಲಿ ‘ಸಾನೆ’ ಎಂಬ ಯುದ್ಧನೌಕೆ ಅಲ್ಲಿ ಒಡೆದ ಮೇಲೆ, ಸಾಲಿನ ಪಶ್ಚಿಮದ ಬಂಡೆಯೊಂದರ ಮೇಲೆಯೇ ಗೋಪುರ ಎಬ್ಬಿಸುವ ನಿರ್ಧಾರವಾಯಿತು. ಆಯ್ಕೆಯಾದದ್ದು ಆರ್-ಮೆನ್. ಅದು ಅತಿ ತಗ್ಗಿನ ಇಳಿತದಲ್ಲೂ ನೀರಿನಿಂದ ಒಂದೂವರೆ ಮೀಟರಿನಷ್ಟೇ ಮೇಲೇಳುವ ಬಂಡೆ. ಇಂಜಿನಿಯರುಗಳು ಸೇನ್ ಮೀನುಗಾರರನ್ನೇ ಕೂಲಿಗೆ ಹಿಡಿದರು, ಏಕೆಂದರೆ ಆ ನೀರನ್ನು ಬಲ್ಲವರು ಅವರು ಮಾತ್ರ. ಸೊಂಟಕ್ಕೆ ಬೆಂಡಿನ ಪಟ್ಟಿ ಕಟ್ಟಿಕೊಂಡು, ಬಂಡೆಯ ಮೇಲೆ ಬೋರಲು ಮಲಗಿ, ಒಂದು ಕೈಯಲ್ಲಿ ಬಂಡೆ ಹಿಡಿದು ಇನ್ನೊಂದು ಕೈಯಲ್ಲಿ ಅವರು ಕುಳಿ ಕೊರೆದರು. ಒಬ್ಬ ಅಲೆ ನೋಡುತ್ತಿದ್ದು, ದೊಡ್ಡದು ಬಂದಾಗ ಕೂಗುತ್ತಿದ್ದ. 1867ರ ಇಡೀ ವರ್ಷದಲ್ಲಿ ಬಂಡೆಯ ಮೇಲೆ ಇಳಿಯಲು ಸಾಧ್ಯವಾದದ್ದು ಏಳು ಸಲ. ಕೆಲಸ ನಡೆದದ್ದು ಎಂಟು ಗಂಟೆ. ಕೊರೆದ ಕುಳಿಗಳು ಹದಿನೈದು. ಮರುವರ್ಷ ಹದಿನಾರು ಸಲ ಇಳಿದು ಹದಿನೆಂಟು ಗಂಟೆ ದುಡಿದರು. ಆ ಕುಳಿಗಳಲ್ಲಿ ಕಬ್ಬಿಣದ ಸರಳು ನಿಲ್ಲಿಸಿ, ಅವುಗಳ ಸುತ್ತ ಕಲ್ಲು ಕಟ್ಟುತ್ತ ಹೋಗಿ, 1881ರ ಆಗಸ್ಟ್ 31ರಂದು ದೀಪ ಹಚ್ಚಿದಾಗ ಹದಿನಾಲ್ಕು ವರ್ಷ ಕಳೆದಿತ್ತು. 19ನೆಯ ಶತಮಾನದ ಕಟ್ಟಡ ಸಾಹಸಗಳ ಪಟ್ಟಿಯಲ್ಲಿ ಆರ್-ಮೆನ್ ಮೊದಲ ಸಾಲಿನಲ್ಲಿರಬೇಕಾದದ್ದು. ಆದರೆ ಇಂಜಿನಿಯರುಗಳ ಹೆಸರುಗಳಷ್ಟು ಆ ಮೀನುಗಾರರ ಹೆಸರುಗಳು ನೆನಪಿನಲ್ಲಿ ಉಳಿದಿಲ್ಲ. 1990ರಲ್ಲಿ ದೀಪ ಸ್ವಯಂಚಾಲಿತವಾಗುವವರೆಗೆ ಕಾವಲುಗಾರರು ಸರದಿಯ ಮೇಲೆ ಅಲ್ಲಿ ವಾಸಿಸಿದರು.

1936ರಲ್ಲಿ ದ್ವೀಪದ ಜನಸಂಖ್ಯೆ 1,300 ದಾಟಿತ್ತು. ಅದಾಗಿ ನಾಲ್ಕೇ ವರ್ಷಕ್ಕೆ, 1940ರ ಜೂನ್‌ನಲ್ಲಿ, ಫ್ರಾನ್ಸ್ ಜರ್ಮನಿಗೆ ಸೋತಿತು. ಲಂಡನ್ನಿನಿಂದ ಜನರಲ್ ದ ಗಾಲ್ ಹೋರಾಟ ಮುಂದುವರಿಸಲು ಕರೆ ಕೊಟ್ಟದ್ದು ದ್ವೀಪದ ರೇಡಿಯೋಗೂ ಮುಟ್ಟಿತು. ಜರ್ಮನ್ ಸೇನೆ ಬರುವ ಮುನ್ನ, ಜೂನ್ 24 ಮತ್ತು 26ರಂದು, ಐದು ದೋಣಿಗಳಲ್ಲಿ ಸುಮಾರು 130 ಗಂಡಸರು ಇಂಗ್ಲೆಂಡಿನತ್ತ ಹೊರಟರು. ಅವರಲ್ಲಿ ಹದಿನಾಲ್ಕು ವರ್ಷದ ಹುಡುಗನೂ ಐವತ್ತು ದಾಟಿದವನೂ ಇದ್ದರು. ದ ಗಾಲ್ ತನ್ನ ಮೊದಲ ಕೆಲವು ನೂರು ಸ್ವಯಂಸೇವಕರನ್ನು ಪರಿಶೀಲಿಸಿದಾಗ ಅವರಲ್ಲಿ ದೊಡ್ಡ ಪಾಲು ಈ ಒಂದೇ ದ್ವೀಪದವರದಾಗಿತ್ತು. ಯುದ್ಧ ಮುಗಿದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಿಂತಿರುಗಲಿಲ್ಲ.

ಹೋದವರ ಸಾಹಸದ ಬಗ್ಗೆ ಬಹಳ ಬರೆಯಲಾಗಿದೆ. ಉಳಿದವರ ಬದುಕಿನ ಬಗ್ಗೆ ಕಡಿಮೆ. ಗಂಡಸರಿಲ್ಲದ ಮನೆಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ನಾಲ್ಕು ವರ್ಷ ಆಕ್ರಮಿಸಿದ ಸೇನೆಯ ಕಣ್ಣೆದುರೇ ಬಾಳಿದರು. 1944ರ ಆಗಸ್ಟ್‌ನಲ್ಲಿ ಜರ್ಮನ್ನರು ಹಿಮ್ಮೆಟ್ಟುವಾಗ ದೀಪಸ್ತಂಭವನ್ನು ಸಿಡಿಮದ್ದಿಟ್ಟು ಉರುಳಿಸಿದರು. ಅದರ ಜಾಗದಲ್ಲಿ ಸುಮಾರು 50 ಮೀಟರ್ ಎತ್ತರದ ಹೊಸ ಸ್ತಂಭ 1950ರ ದಶಕದ ಆರಂಭದಲ್ಲಿ ತಲೆಯೆತ್ತಿತು. 1946ರಲ್ಲಿ ದ್ವೀಪಕ್ಕೆ ‘ವಿಮೋಚನೆಯ ಸಂಗಾತಿ’ ಗೌರವ ಸಂದಿತು. ಇದನ್ನು ಪಡೆದ ಊರುಗಳು ಇಡೀ ಫ್ರಾನ್ಸಿನಲ್ಲಿ ಐದೇ. ಪ್ಯಾರಿಸ್ ಅವುಗಳಲ್ಲಿ ಒಂದು. 1960ರಲ್ಲಿ ರಾಷ್ಟ್ರಾಧ್ಯಕ್ಷನಾಗಿದ್ದ ದ ಗಾಲ್ ತಾನೇ ಬಂದು, ಶಿಲ್ಪಿ ರನೆ ಕಿಲಿವಿಕ್ ಕಡೆದ ಸ್ಮಾರಕವನ್ನು ಅನಾವರಣ ಮಾಡಿದ.

ಗೌರವ ಬಂದರೂ ಜನ ನಿಲ್ಲಲಿಲ್ಲ. ಮೀನುಗಾರಿಕೆ ಕುಗ್ಗಿತು, ಯುವಕರು ನೌಕಾಪಡೆಗೂ ವ್ಯಾಪಾರಿ ಹಡಗುಗಳಿಗೂ ಹೋದರು, ಹೊಲಗಳು ಬೀಳು ಬಿದ್ದವು. ಈಗ ವರ್ಷಪೂರ್ತಿ ಅಲ್ಲಿರುವವರು ಇನ್ನೂರು ಚಿಲ್ಲರೆ. ಓಡಿಯೆರ್ನ್ ಬಂದರಿನಿಂದ ವರ್ಷವಿಡೀ ಹಡಗು ಓಡುತ್ತದೆ. ಬೇಸಿಗೆಯಲ್ಲಿ ಪ್ರವಾಸಿಗರು ತುಂಬಿರುತ್ತಾರೆ. ಓಣಿಗಳಲ್ಲಿ ಕಾರುಗಳಿಲ್ಲ. ಕುಡಿಯುವ ನೀರಿಗೆ ಕಡಲನೀರನ್ನೇ ಸಿಹಿಯಾಗಿಸುತ್ತಾರೆ. ಮುಖ್ಯಭೂಮಿಯ ವಿದ್ಯುತ್ ಜಾಲಕ್ಕೆ ದ್ವೀಪ ಸೇರಿಲ್ಲ. ದೀಪಸ್ತಂಭದ ಬಳಿಯ ಡೀಸೆಲ್ ಜನರೇಟರುಗಳಿಂದ ಬರುವ ವಿದ್ಯುತ್ತಿಗೆ ಕಳೆದ ದಶಕದಿಂದ ಸೌರಫಲಕಗಳ ವಿದ್ಯುತ್ತೂ ಸೇರಿಕೊಂಡಿದೆ.